ದಶಕ ಯಾರ ಕೈಲಿ

ವಾಲ್ಪರೈಸೊ ಬಂದರಿನಿಂದ ಗಾವಿಯೋತಾ ಗುಡ್ಡಕ್ಕೆ
ಹಗ್ಗ ಹಿಡಿದು ಹತ್ತುವ ಹಳೆಯ ಮರದ ಡಬ್ಬಿ.
ಕೆಳಗೊಂದು ತಿರುಗುಗೇಟು. ಅದರ ಸೊಂಟಕ್ಕೆ
ನಾಲ್ಕೇ ಅಂಕಿಯ ಹಿತ್ತಾಳೆ ಎಣಿಕೆಯಂತ್ರ.
ಒಬ್ಬರು ನೂಕಿದರೆ ಒಂದು ಟಕ್.

ಒಂಬತ್ತು ಒಂಬತ್ತು ಒಂಬತ್ತು ಒಂಬತ್ತು,
ಅದರ ಮೇಲಿನ ಟಕ್ಕಿಗೆ
ನಾಲ್ಕು ಗಾಲಿಯೂ ಒಟ್ಟಿಗೆ ಮಗುಚಿ
ಸೊನ್ನೆ ಸೊನ್ನೆ ಸೊನ್ನೆ ಸೊನ್ನೆ.
ಆಗ ಎವರಿಸ್ತೊ ಕಿವಿಯ ಸಂದಿಯ ಪೆನ್ಸಿಲು ತೆಗೆದು
ಎಣ್ಣೆಗಟ್ಟಿದ ನೋಟ್‌ಬುಕ್ಕಿನಲ್ಲಿ
ಒಂದು ಗೀಟು ಎಳೆಯುತ್ತಿದ್ದ.
ಯಂತ್ರ ಕೈಬಿಟ್ಟ ದಶಕವನ್ನು
ಮೂವತ್ತೊಂದು ವರ್ಷ ಆ ಗೀಟು ಹಿಡಿದಿತ್ತು.

ಆಮೇಲೆ ಬಂದವರು ನಾವು.
ಮೀನಂಗಡಿಯ ಮೇಲಿನ ಕೋಣೆ, ಮೂರು ಕುರ್ಚಿ,
ಗೇಟುಗಳಿಗೆಂದೇ ಒಂದು ಪುಟ್ಟ ಭಾಷೆ ಕಟ್ಟುವ ಹುಮ್ಮಸ್ಸು:
ಬಾಲ್ತಸಾರ್, ರಾಯೆನ್, ನಾನು.
ಹದಿನಾರು ಬಿಟ್ಟು ಸಾಕೆಂದ ಬಾಲ್ತಸಾರ್.
"ತುಂಬಿದರೆ ಸುತ್ತಲಿ, ಏನೀಗ?
ಹನ್ನೆರಡಾದ ಮೇಲೆ ಒಂದು ಬಂತೆಂದು
ಗಡಿಯಾರದ ಮುಂದೆ ಕೂತು ಅತ್ತವರುಂಟೆ?"

ಉಂಟು. ಅಂದರೆ, ಅಳಲಿಲ್ಲ ಆಕೆ. ಬೈದಳು.

ಮಾರ್ಚಿನ ಒಂದು ಸಂಜೆ, ಹೊಲಿದ ಪರದೆಗಳ ಗಂಟು ಹೊತ್ತು
ದೋನ್ಯಾ ಕ್ಲೊರಿಂದಾ ಒಬ್ಬಳೇ ಡಬ್ಬಿ ಹತ್ತಿದಳು.
ಇಳಿದವರ ಲೆಕ್ಕ ಅರವತ್ತೈದು ಸಾವಿರದ ಐನೂರ ಮೂವತ್ತೈದು.
ಹತ್ತಿದವರ ಲೆಕ್ಕ ಅಷ್ಟೇ ಇದ್ದದ್ದು
ಅವಳ ಒಂದು ಹೆಜ್ಜೆಗೆ ಸೊನ್ನೆ.
ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ,
ಇದೂ ತುಳುಕಲಿಲ್ಲ,
ಸದ್ದಿಲ್ಲದೆ ಬರಿದಾಯಿತು.
ಇಳಿದವರಿಗಿಂತ ಹತ್ತಿದವರು ಕಡಿಮೆ, ಹಾಗಾದರೆ ಒಳಗೆ ಯಾರೂ ಇಲ್ಲ
ಎಂದುಕೊಂಡ ನಮ್ಮ ಪ್ರೋಗ್ರಾಮು
ದೀಪ ಆರಿಸಿತು, ನಡುದಾರಿಯಲ್ಲಿ ಬ್ರೇಕು ಕಚ್ಚಿತು.
ಕೆಳಗೆ ಹಡಗುಗಳೆಲ್ಲ ಬೆಳಗಿದ್ದವು.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ
ಹನ್ನೊಂದು ನಿಮಿಷ ಆಕೆ ಕತ್ತಲಲ್ಲಿ ತೂಗಿದಳು.

ಮರುದಿನ ಚಹಾ, ಗಟ್ಟಿ ಬ್ರೆಡ್ಡು, ಜಗಳ.

"ಸುತ್ತುವ ಸಂಖ್ಯೆಯನ್ನು ಭಾಷೆಯಿಂದಲೇ ಕಿತ್ತುಹಾಕು.
ಕೆಳಗಿನ ಯಂತ್ರದ ಚಾಳಿ ಮೇಲಿನವರ ನಾಲಿಗೆಗೇಕೆ?" ನಾನು.
"ತಪ್ಪು ಸುತ್ತಿದ್ದರಲ್ಲಿಲ್ಲ," ಬಾಲ್ತಸಾರ್ ಚಾಕು ಕೆಳಗಿಟ್ಟ.
"ಹೋಲಿಸಬಾರದಿತ್ತು, ಕಳೆಯಬೇಕಿತ್ತು.
ಸೊನ್ನೆಯಿಂದ ಆ ದೊಡ್ಡ ಸಂಖ್ಯೆ ಕಳೆ,
ಸುತ್ತಿಕೊಂಡು ಬಂದು ನಿಲ್ಲುವುದು ಎಲ್ಲಿ?
ಒಂದರಲ್ಲಿ. ಆ ಒಂದೇ ಕ್ಲೊರಿಂದಾ."

ಕಾಗದದ ಮೇಲೆ ಮಾಡಿ ನೋಡಿದೆ.
ಹೌದು. ಒಂದು.
ನನಗೆ ಸಿಟ್ಟು ಬಂದದ್ದು ಅವನು ಸರಿಯಿದ್ದದ್ದಕ್ಕೆ.

ರಾಯೆನ್ ಬೆರಳಲ್ಲಿ ಬ್ರೆಡ್ಡಿನ ಪುಡಿ ದುಂಡಗೆ ಜೋಡಿಸುತ್ತಿದ್ದಳು.
"ಇದರಲ್ಲಿ ಮುಂದೆ ಉಂಟು, ಹಿಂದೆ ಉಂಟು.
ಯಾವ ಪುಡಿ ದೊಡ್ಡದು, ಹೇಳು?
ನಾವಿಕನ ದಿಕ್ಸೂಚಿಗೆ ಇದು ಬೇಕು,
ಹಗ್ಗ ಸುತ್ತುವ ರಾಟೆಯ ಕೋನಕ್ಕೆ ಬೇಕು.
ಇರಲಿ. ಆದರೆ ಅದಕ್ಕೆ ಅದರದೇ ಹೆಸರಿರಲಿ, ಗಾಲಿ ಅಂತ.
ಕೂಡು ಬರಲಿ, ಕಳೆ ಬರಲಿ,
ಹೆಚ್ಚು-ಕಡಿಮೆ ಅದಕ್ಕೆ ಬಾರದಿರಲಿ.
ಜನರನ್ನು ಎಣಿಸುವುದು ಬೇರೆ ಪದ:
ಎಣಿಕೆ. ಅದು ಬೆಳೆಯುತ್ತಲೇ ಹೋಗಲಿ."

"ನಿಧಾನವಾಗುತ್ತದೆ," ಎಂದ ಬಾಲ್ತಸಾರ್.
"ಗುಡ್ಡ ಹತ್ತಿಸುವುದು ಹಗ್ಗ ಕಣೋ,
ನಿನ್ನ ಪ್ರೊಸೆಸರ್ ಅಲ್ಲ."

ಹಾಗೇ ಬರೆದೆವು. ಈಗ ಗಾಲಿಯ ಮುಂದೆ
ಹೆಚ್ಚಿನ ಚಿಹ್ನೆ ಇಟ್ಟರೆ ಕಂಪೈಲರ್ ಗಡಿಬಿಡಿಯಿಲ್ಲದೆ
ಒಲ್ಲೆ ಅನ್ನುತ್ತದೆ.
ಎವರಿಸ್ತೊಗೆ ವಿವರಿಸಿದೆ: ಎಣಿಕೆ ಇನ್ನೆಂದೂ ತುಂಬುವುದಿಲ್ಲ.
ಅವನು ಹಲ್ಲಿಲ್ಲದ ಕಡೆಯಿಂದ ನಕ್ಕ.
"ತುಂಬದ ಪಾತ್ರೆ ನಾನಿನ್ನೂ ಕಂಡಿಲ್ಲ, ಮಗಳೇ.
ಗೀಟು ಎಳೆಯುವವರು ಯಾರು, ಅದನ್ನು ಹೇಳು."

ಹಿತ್ತಾಳೆ ಯಂತ್ರ ಈಗ ನನ್ನ ಮೇಜಿನ ಮೇಲೆ,
ಕಾಗದ ಹಾರದಂತೆ.
ಕೆಲಸ ತೋಚದಾಗ ಹೆಬ್ಬೆರಳಲ್ಲಿ ಒತ್ತುತ್ತಿರುತ್ತೇನೆ.
ಇವತ್ತು ಒಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟು.

ಇನ್ನೆರಡು ಟಕ್.
ಪೆನ್ಸಿಲು ಎಲ್ಲಿಟ್ಟೆನೋ, ಹುಡುಕುತ್ತಿದ್ದೇನೆ.